ಒಡೆಯಬೇಕಾದ ಹಾಲು

ಸಿದ್ದಾಪುರದ ಮುದಕಮ್ಮನ ಮನೆಯಲ್ಲಿ ಹಾಲು ಒಡೆಯಿತು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವಂತಿರಲಿಲ್ಲ. ಬೇಸಿಗೆಯಲ್ಲಿ ಎಂದಾದರೂ ಒಡೆದೇಬಿಟ್ಟರೆ ಅವಳೇ ಸದ್ದಿಲ್ಲದೆ ಪಾತ್ರೆಯನ್ನು ಹಿತ್ತಲಿಗೆ ಒಯ್ದು ಗಿಡದ ಬುಡಕ್ಕೆ ಸುರಿದು, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಆ ದಿನವೆಲ್ಲ ಯಾರ ಜೊತೆಗೂ ಮಾತಾಡದೆ ಇದ್ದುಬಿಡುತ್ತಿದ್ದಳು. ಗಂಡ ಸತ್ತ ದಿನ ಬೆಳಿಗ್ಗೆ ಒಲೆಯ ಮೇಲಿನ ಹಾಲು ಒಡೆದಿತ್ತಂತೆ. ಅಂದಿನಿಂದ ಆ ಭಯ ಅವಳ ಬೆನ್ನು ಬಿಟ್ಟಿರಲಿಲ್ಲ. ಎಮ್ಮೆ ಕಟ್ಟಿ, ಹಾಲು ಮಾರಿ, ಒಬ್ಬನೇ ಮಗ ಬಾಲಪ್ಪನನ್ನು ಬೆಳೆಸಿದ ಹೆಂಗಸು ಅವಳು. ದಿನಾ ಬೆಳಗಿನ ಮೊದಲ ಬಸ್ಸಿಗೆ ಹಾಲಿನ ಕ್ಯಾನು ಏರಿಸಿಕೊಂಡು ಗಂಗಾವತಿಗೆ ಬರುತ್ತಿದ್ದಳು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹಾಲು ಅಳೆದುಕೊಟ್ಟು, ಅಲ್ಲೇ ಒಂದು ಚಹಾ ಕುಡಿದು, ನನ್ನ ಹಾಲಿಗೆ ಎಷ್ಟು ನೀರು ಸುರಿದೀಯೋ ಎಂದು ಹೋಟೆಲಿನವನನ್ನು ಬೈದು, ಮುಂದಿನ ಬಸ್ಸಿಗೆ ವಾಪಸ್ಸಾಗುತ್ತಿದ್ದಳು.

ಆ ಹೋಟೆಲಿನ ಮೇಲಿನ ಕೋಣೆಯಲ್ಲಿ ನನ್ನ ಲ್ಯಾಬೊರೇಟರಿ ಇತ್ತು. ನಾನು ಯಂಕೋಬ, ಕುಷ್ಟಗಿಯವನು. ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷಿಸುವುದನ್ನು ಕಲಿತು, 1977ರಲ್ಲಿ ಗಂಗಾವತಿಯಲ್ಲಿ ಬೋರ್ಡು ಹಾಕಿದೆ. ಊರಿನವರು ಬೋರ್ಡು ಓದುವ ಗೋಜಿಗೆ ಹೋಗದೆ ‘ಉಚ್ಚಿ ಅಂಗಡಿ’ ಎಂದು ಹೆಸರಿಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗದ್ದೆಗೆ ನೀರು ತಂದ ಕಾಲುವೆಯ ಹಿಂದೆಯೇ ಮಲೇರಿಯಾವೂ ಬಂದಿದ್ದರಿಂದ ಕೆಲಸಕ್ಕೇನೂ ಬರವಿರಲಿಲ್ಲ. ಶ್ರೀರಾಮನಗರದ ಕ್ಯಾಂಪಿಗೆ ವಲಸೆ ಬಂದ ರೈತರು, ಹೊಳೆಯ ನಡುವಿನ ಗಡ್ಡೆಯ ನಾಟಿ ಆಳುಗಳು, ಎಲ್ಲರೂ ಕಂಬಳಿ ಹೊದ್ದು ನಡುಗುತ್ತ ನನ್ನ ಮೆಟ್ಟಿಲು ಹತ್ತುತ್ತಿದ್ದರು. ಆದರೆ ಅವರು ಮೂತ್ರ ತರುತ್ತಿದ್ದ ಬಾಟಲಿಗಳನ್ನು ನೋಡಿದರೆ ತಲೆ ಕೆಡುತ್ತಿತ್ತು. ಬ್ರಾಂದಿ ಬಾಟಲಿ, ತಲೆಗೆಣ್ಣೆಯ ಬಾಟಲಿ; ಒಮ್ಮೆಯಂತೂ ಒಬ್ಬ ಗದ್ದೆಗೆ ಹೊಡೆಯುವ ವಿಷದ ಬಾಟಲಿಯಲ್ಲೇ ತಂದು ಮೇಜಿನ ಮೇಲಿಟ್ಟ. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಹೀಗೇ ನಡೆದಿತ್ತು.

1979ರ ಮಳೆಗಾಲದಲ್ಲಿ ಮುದಕಮ್ಮನ ಸೊಸೆ ಗಾಳೆಮ್ಮ ಚೊಚ್ಚಲ ಬಸುರಿ. ಅತ್ತೆ ಸೊಸೆಯ ಜಗಳ ಕಾಲುವೆಯ ದಂಡೆಯವರೆಗೂ ಕೇಳಿಸುವಂಥದ್ದು. ಹಿಂಡಿ ನೆನೆಸಿದ್ದು ಸರಿಯಾಗಲಿಲ್ಲ ಎಂದು ಅತ್ತೆ, ಅದೇನು ನಿಮ್ಮ ತವರಿಂದ ತಂದ ಹಿಂಡಿಯೇನು ಎಂದು ಸೊಸೆ. ಬಸುರಿ ಎಂದು ತಿಳಿದ ಮೇಲೆ ಮುದಕಮ್ಮನ ದನಿ ತುಸು ತಗ್ಗಿತು. ನಾಲ್ಕನೆಯ ತಿಂಗಳಿಗೇ ಹೊಟ್ಟೆ ಆರು ತಿಂಗಳಿನಷ್ಟು ಕಂಡಿತು. ಹೆರಿಗೆ ಮಾಡಿಸುವ ರಾಜಾಬೀ ಹೊಟ್ಟೆ ಮುಟ್ಟಿ ನೋಡಿ ಅವಳಿ ಇರಬೇಕು ಎಂದಳು. ಮುದಕಮ್ಮ ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ಹಸಿರು ಸೀರೆಯನ್ನೂ ತಂದಿಟ್ಟಳು. ಆ ಸೀರೆಯ ಮಡಿಕೆ ಬಿಚ್ಚುವ ಮೊದಲೇ ಗಾಳೆಮ್ಮನಿಗೆ ರಕ್ತ ಹರಿಯತೊಡಗಿತು. ಹೊರಬಿದ್ದದ್ದು ಕೂಸಲ್ಲ. ನೀರು ತುಂಬಿದ ಗುಳ್ಳೆಗಳ ಗೊಂಚಲು, ದ್ರಾಕ್ಷಿಯ ಹಾಗೆ. ರಾಜಾಬೀ ತನ್ನ ಜೀವಮಾನದಲ್ಲಿ ಅಂಥದ್ದನ್ನು ಒಮ್ಮೆ ಮಾತ್ರ ನೋಡಿದ್ದಳಂತೆ. ಅವಳೇ ಗಾಡಿ ಕಟ್ಟಿಸಿ ಗಂಗಾವತಿಯ ಆಸ್ಪತ್ರೆಗೆ ಕರೆತಂದಳು.

ಗಂಗಾವತಿಯಲ್ಲಿ ಗರ್ಭಚೀಲ ಸ್ವಚ್ಛ ಮಾಡಿ ಕಳಿಸಿದರು. ರಕ್ತ ಮಾತ್ರ ನಿಲ್ಲಲಿಲ್ಲ. ಕೆಲವು ವಾರಗಳಲ್ಲಿ ಕೆಮ್ಮೂ ಹತ್ತಿತು, ಕಫದಲ್ಲಿ ಕೆಂಪು ಕಂಡಿತು. ಬಾಲಪ್ಪ ಹೆಂಡತಿಯನ್ನು ಬಸ್ಸಿನಲ್ಲಿ ಕೊಪ್ಪಳಕ್ಕೆ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಒಯ್ದ. ನಾನು ಕಲಿತ ಆಸ್ಪತ್ರೆಯೇ ಅದು. ಅಲ್ಲಿನ ಡಾಕ್ಟರ್‌ಬಾಯಿ ಎದೆಯ ಎಕ್ಸ್‌ರೇ ನೋಡಿ ಕ್ಯಾನ್ಸರ್ ಎಂದರು. ಹೆರಿಗೆಯಾದ ಮೇಲೆ ಬೀಳುತ್ತದಲ್ಲ ಮಾಸು, ಅದರ ಕ್ಯಾನ್ಸರು. ಕೂಸು ರೂಪುಗೊಳ್ಳಲೇ ಇಲ್ಲ, ಕೂಸಿಗೆ ಅನ್ನ ಕೊಡಬೇಕಾದ ಮಾಸು ಮಾತ್ರ ತನ್ನ ಪಾಡಿಗೆ ತಾನು ಬೆಳೆದು, ತಾಯಿಯ ರಕ್ತದಲ್ಲಿ ತೇಲಿ ಎದೆಗೂಡಿನವರೆಗೂ ಹೋಗಿ ಬೇರು ಬಿಟ್ಟಿತ್ತು. ಸಾಕಲು ಹುಟ್ಟಿದ್ದೇ ತಿನ್ನಲು ಹೊರಟರೆ ಮನುಷ್ಯ ಯಾರನ್ನು ಕೇಳಬೇಕು?

ಡಾಕ್ಟರ್‌ಬಾಯಿ ಹೆದರಿಸಲಿಲ್ಲ. ಕ್ಯಾನ್ಸರುಗಳಲ್ಲಿ ಔಷಧಕ್ಕೆ ಮಣಿಯುವ ಜಾತಿ ಇದು ಎಂದು ಹೇಳಿ, ಹಳದಿ ಬಣ್ಣದ ಒಂದು ಔಷಧವನ್ನು ಸೂಜಿಯಲ್ಲಿ ಶುರುಮಾಡಿದರು. ಕೆಲವು ದಿನ ಹುಬ್ಬಳ್ಳಿಯಲ್ಲಿ ಸೂಜಿ, ಆಮೇಲೆ ಸಿದ್ದಾಪುರದಲ್ಲಿ ವಿಶ್ರಾಂತಿ. ಊರಲ್ಲಿದ್ದಾಗ ವಾರಕ್ಕೊಮ್ಮೆ ಮೂತ್ರ ಪರೀಕ್ಷೆ ಯಂಕೋಬನ ಹತ್ತಿರವೇ ಆಗಲಿ ಎಂದು ಹೇಳಿಕಳಿಸಿದರು. ಹಾಗಾಗಿ ಮುದಕಮ್ಮ ನನ್ನ ಮೆಟ್ಟಿಲು ಹತ್ತಿದಳು. ಬಲಗೈಯಲ್ಲಿ ಹಾಲಿನ ಕ್ಯಾನು, ಎಡಗೈಯಲ್ಲಿ ಸೆರಗಿನಲ್ಲಿ ಸುತ್ತಿದ ಬಾಟಲಿ. ಅದು ತೊಳೆದು, ಬಿಸಿಲಿಗೆ ಒಣಗಿಸಿದ ಸ್ವಚ್ಛ ಬಾಟಲಿ. ಬೈಯಲು ಬಾಯಿ ತೆರೆದಿದ್ದ ನಾನು ಮುಚ್ಚಿಕೊಂಡೆ.

ಆ ಕಾಲದ ಪರೀಕ್ಷೆ ಹೀಗಿತ್ತು. ಒಂದು ಕರಿ ಗಾಜಿನ ಬಿಲ್ಲೆ. ಅದರ ಮೇಲೆ ಮೂತ್ರದ ಒಂದು ಹನಿ, ಔಷಧದ ಒಂದು ಹನಿ, ಆಮೇಲೆ ಹಾಲಿನಂಥ ಬಿಳಿ ದ್ರವದ ಒಂದು ಹನಿ. ಕಡ್ಡಿಯಿಂದ ಕಲಸಿ, ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತೂಗಬೇಕು. ಹೆಂಗಸು ಬಸುರಿಯಾಗಿದ್ದರೆ ಬಿಳಿ ಹನಿ ನುಣ್ಣಗೆ ಹಾಗೇ ಉಳಿಯುತ್ತದೆ. ಬಸುರಿ ಅಲ್ಲದಿದ್ದರೆ ನೋಡನೋಡುತ್ತ ಸಣ್ಣ ಸಣ್ಣ ಕಾಳಾಗಿ ಒಡೆಯುತ್ತದೆ. ಗಾಳೆಮ್ಮನದು ಮಾಸಿನ ರೋಗ. ಬಸುರಿನಲ್ಲಿ ಮಾಸು ಏನನ್ನು ರಕ್ತಕ್ಕೆ ಬಿಡುತ್ತದೋ ಅದನ್ನೇ ಈ ರೋಗವೂ ಬಿಡುತ್ತಿತ್ತು. ಆದ್ದರಿಂದ ಹೊಟ್ಟೆಯಲ್ಲಿ ಕೂಸಿಲ್ಲದಿದ್ದರೂ ಹನಿ ಅವಳನ್ನು ಬಸುರಿ ಎಂದೇ ಹೇಳುತ್ತಿತ್ತು. ನುಣ್ಣಗೆ ಉಳಿದರೆ ರೋಗ ಇದೆ. ಒಡೆದರೆ ರೋಗ ಹೋಗಿದೆ.

ಇದನ್ನು ಬಿಡಿಸಿ ಹೇಳಿದರೆ ಕೇಳುವಷ್ಟು ವ್ಯವಧಾನ ಮುದಕಮ್ಮನಿಗೆಲ್ಲಿ? ಅವಳು ನನ್ನ ಭುಜದ ಹಿಂದೆ ನಿಂತು ಬಿಲ್ಲೆಯನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಕೆಳಗೆ ಸಿದ್ದಾಪುರದ ಬಸ್ಸು ಹಾರ್ನ್ ಹೊಡೆಯಿತು. ಅವಳು ಇನ್ನೊಮ್ಮೆ ಬಗ್ಗಿದಳು. ಹನಿ ಕೆನೆಯಂತೆ ನುಣ್ಣಗಿತ್ತು.

“ಒಡೀಲಿಲ್ಲಲ್ರಿ! ತಾಯಿ ಹುಲಿಗೆವ್ವ ಉಳಿಸಿದ್ಲು!” ಎಂದು ಗೋಡೆಗೆ ಕೈಮುಗಿದು ಕ್ಯಾನು ಎತ್ತಿಕೊಂಡು ಓಡಿದಳು.

“ಏ ಮುದಕವ್ವ, ನಿಲ್ಲು, ಹೇಳೋದು ಕೇಳು!” ಎಂದು ನಾನು ಮೆಟ್ಟಿಲವರೆಗೆ ಹೋಗಿ ಕೂಗಿದೆ. ಬಸ್ಸು ಹೊರಟೇಬಿಟ್ಟಿತ್ತು.

ಅಂದು ಅವಳು ಸಿದ್ದಾಪುರದ ಓಣಿಯ ತುಂಬ ಸಕ್ಕರೆ ಹಂಚಿದಳಂತೆ. ಗಾಳೆಮ್ಮನಿಗೆ ಅರಿಸಿನ ಹಚ್ಚಿ ಎರೆದು, ತಲೆ ಬಾಚಿ ಹೂ ಮುಡಿಸಿದಳಂತೆ. ಮರುದಿನ ಬೆಳಿಗ್ಗೆ ನನಗೆಂದು ಗಿಣ್ಣದ ಹಾಲು ಹಿಡಿದುಕೊಂಡು ನಗುತ್ತ ಬಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾನು ಎಲ್ಲವನ್ನೂ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ಬೇಡವಾಯಿತು.

ಅವಳು ಗಿಣ್ಣದ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು, “ಕೆಟ್ರ ಛಲೋ ಅಂತೀರೇನ್ರಿ?”

“ಹೌದವ್ವಾ.”

“ನಾ ಹುಟ್ಟಿದಾಗಿಂದ ಹಾಲಿನ ಕೂಡಾನ ಬದುಕೀನಿ. ಕೆಟ್ಟ ಹಾಲಿನಿಂದ ಯಾರಿಗೆ ಛಲೋ ಆಗೈತಿ, ಹೇಳ್ರಿ ನೋಡೂಣು?”

ಹಂಚಿದ ಸಕ್ಕರೆಯನ್ನು ವಾಪಸ್ಸು ತರುವುದಾಗುತ್ತದೆಯೇ? ಅವಳು ಮನೆಯಲ್ಲಿ ಏನನ್ನೂ ಹೇಳಲಿಲ್ಲ. “ಇನ್ನೂ ನಾಕು ಸೂಜಿ ಅದಾವಂತ, ನಡಿ” ಎಂದು ಹೇಳಿ ಸೊಸೆಯನ್ನು ತಾನೇ ಹುಬ್ಬಳ್ಳಿಗೆ ಕರೆದೊಯ್ದಳು. ಬಾಲಪ್ಪ ಎಮ್ಮೆ ಹಿಂಡುವುದನ್ನು ನೋಡಿಕೊಂಡ.

ಅಂದಿನಿಂದ ಅವಳು ವಾರವಾರವೂ ನನ್ನ ಮೇಜಿನ ಪಕ್ಕ ನಿಲ್ಲತೊಡಗಿದಳು. ನಾನು ಬಿಲ್ಲೆ ತೂಗುವಾಗ ಅವಳ ತುಟಿ ಅಲುಗಾಡುತ್ತಿತ್ತು, ಮಾತು ಮಾತ್ರ ಹೊರಬರುತ್ತಿರಲಿಲ್ಲ. ಒಡಿ ಎಂದು ಹೇಳಲು ಅವಳ ನಾಲಿಗೆಗೆ ಅಂಜಿಕೆ. ಎಂದೂ ಆಡದ ಮಾತನ್ನು ಆಡಿದರೆ ಮನೆಯಲ್ಲಿ ಇನ್ನೇನಾದರೂ ಆದೀತು ಎಂಬ ಅಂಜಿಕೆ. ಚಳಿಗಾಲ ಕಳೆದು ಭತ್ತದ ಎರಡನೆಯ ನಾಟಿ ನಡೆದಿದ್ದಾಗ, ಒಂದು ಬೆಳಿಗ್ಗೆ ಹನಿಯ ಅಂಚಿನಲ್ಲಿ ಸಣ್ಣ ಕಾಳು ಕಂಡವು. ನೋಡನೋಡುತ್ತ ಇಡೀ ಹನಿ ಚೂರುಚೂರಾಯಿತು.

“ಒಡದಾವು” ಎಂದಳು ಮುದಕಮ್ಮ. ಜೀವನದಲ್ಲಿ ಮೊದಲ ಸಲ ಆಡಿದ ಮಾತು. ಆಡಿದ ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಹೆದರಿಕೆಯೂ ಇತ್ತು, ನೀರೂ ಇತ್ತು. ನಾನು ಗಟ್ಟಿಯಾಗಿ ನಕ್ಕೆ. ಇಲ್ಲವಾದರೆ ನಾನೂ ಅಳುತ್ತಿದ್ದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಮುದಕಮ್ಮನ ಬಗ್ಗೆ ಬರೆಯುತ್ತಲೇ ಇರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಹನಿ ಮತ್ತೆ ನುಣ್ಣಗಾಯಿತು. ಹುಬ್ಬಳ್ಳಿಯಲ್ಲಿ ಮತ್ತೆ ಹಳದಿ ಔಷಧ ಕೊಟ್ಟರು. ಹನಿ ನುಣ್ಣಗೇ ಉಳಿಯಿತು. ಇನ್ನೂ ಹೆಚ್ಚು ಕೊಟ್ಟರು. ಗಾಳೆಮ್ಮನ ಬಾಯಿಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಂತಾಯಿತು. ಹನಿ ಮಾತ್ರ ಅಲ್ಲಾಡಲಿಲ್ಲ. ಮೊದಲ ಸಲ ರೋಗವನ್ನು ಕರಗಿಸಿದ್ದ ಅದೇ ಔಷಧ ಈಗ ರೋಗವನ್ನು ಬಿಟ್ಟು ರೋಗಿಯನ್ನು ಕರಗಿಸುತ್ತಿತ್ತು.

ಲ್ಯಾಬಿಗೆ ಬೇಕಾದ ಸಾಮಾನು ತರಲು ನಾನೂ ಅದೇ ವಾರ ಹುಬ್ಬಳ್ಳಿಗೆ ಹೋಗಿದ್ದೆ. ಡಾಕ್ಟರ್‌ಬಾಯಿ ಮುದಕಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು.

“ಹಳದಿ ಔಷಧ ಅದಕ್ಕ ಈಗ ನೀರಿದ್ದಂಗ. ಮೊದಲನೇ ಸಲ ರೋಗದ ಕಣದಾಗ ಮೆತ್ತಗಿದ್ದವು ಸತ್ತವು. ಗಟ್ಟಿ ಇದ್ದವು ಎಲ್ಲೋ ನಾಕು ಉಳಕೊಂಡವು. ಔಷಧದಿಂದ ತಪ್ಪಿಸಿಕೊಳ್ಳೋದು ಅವಕ್ಕ ಗೊತ್ತೈತಿ. ಈಗ ಬೆಳದಿದ್ದೆಲ್ಲ ಅವುಗಳ ಸಂತಾನ.”

“ಅಷ್ಟು ಬುದ್ಧಿ ಎಲ್ಲಿಂದ ಬಂತ್ರಿ ಅದಕ್ಕ?” ಎಂದಳು ಮುದಕಮ್ಮ.

“ಬುದ್ಧಿ ಇಲ್ಲವ್ವಾ. ಬದುಕೋ ಆಸಿ ಐತಿ, ಅಷ್ಟ.”

“ಆಸಿ ನಮ್ಮ ಗಾಳವ್ವಗೂ ಐತ್ರಿ.”

ಡಾಕ್ಟರ್‌ಬಾಯಿ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು. ಆಮೇಲೆ ದಾರಿ ಹೇಳಿದರು. ಬೇರೆ ಬೇರೆ ರೀತಿಯಲ್ಲಿ ಕೊಲ್ಲುವ ಮೂರು ಔಷಧ, ಮೂರನ್ನೂ ಒಟ್ಟಿಗೇ ಕೊಡುವುದು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದರ ಕೈಗೆ ಸಿಗಬೇಕು. ನಡುವೆ ಅದಕ್ಕೆ ಚೇತರಿಸಿಕೊಳ್ಳಲು ಬಿಡುವು ಕೊಡಬಾರದು. ಒಂದು ಔಷಧ ಮುಂಬೈಯಿಂದಲೇ ಬರಬೇಕು. “ರೋಗ ತಾಳಂಗಿಲ್ಲ ಅಂತ ನನಗ ಧೈರ್ಯ ಐತಿ. ಹುಡುಗಿ ತಾಳ್ತಾಳೋ ಇಲ್ಲೋ ಅದನ್ನ ಹೇಳಾಕ ಆಗಂಗಿಲ್ಲ” ಎಂದರು. ರೋಗ ಮೊದಲು ಸಾಯಬೇಕು, ಗಾಳೆಮ್ಮ ಅಲ್ಲಿಯವರೆಗೆ ಉಳಿಯಬೇಕು. ಇಡೀ ಪ್ರಶ್ನೆ ಅಷ್ಟೇ.

ಮುದಕಮ್ಮ ಎಮ್ಮೆಗಳನ್ನು ಮಾರಿದಳು. ಎಷ್ಟಕ್ಕೆ ಮಾರಿದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಯಲಬುರ್ಗಾ ಕಡೆಯ ಹಳ್ಳಿಯಿಂದ ಅವಳ ತಮ್ಮ ಪಕ್ಕೀರಪ್ಪ ಬಂದದ್ದು ಆಗಲೇ. ಅವನಿಗೆ ಮದುವೆಗೆ ಬಂದ ಮಗಳಿದ್ದಳು. ಸೋದರಮಾವನ ಮಗಳು ಬಾಲಪ್ಪನಿಗೆ ಮದುವೆಗೆ ಒಪ್ಪುವ ವಾವೆಯೂ ಹೌದು. ನಮ್ಮ ಕಡೆ ಇಂಥ ಮಾತು ಯಾರೂ ತಪ್ಪು ತಿಳಿಯುವಂಥದ್ದಲ್ಲ. ಗಾಳೆಮ್ಮ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಪಡಸಾಲೆಯ ಮಾತೆಲ್ಲ ಅವಳಿಗೆ ಕೇಳಿಸುತ್ತಿತ್ತಂತೆ.

“ಅಕ್ಕಾ, ಇರೋ ಎಮ್ಮಿ ಎಲ್ಲಾ ಮಾರಿ ಏನ್ ಮಾಡ್ತಿ? ಬಾಲಪ್ಪಗ ಇನ್ನೂ ವಯಸ್ಸೈತಿ. ನನ್ನ ಮಗಳ್ನ ಕೊಡ್ತೀನಿ. ನಿನ್ನ ಮನಿತನ ಉಳೀತೈತಿ” ಎಂದ ಪಕ್ಕೀರಪ್ಪ.

“ಎಮ್ಮಿ ಹಾಲು ಬತ್ತಿದ್ರ ಮಾರ್ತೀನಿ. ಸೊಸೀನ ಮಾರೂದು ಯಾವ ಸಂತ್ಯಾಗಪ್ಪಾ?” ಎಂದಳು ಮುದಕಮ್ಮ. “ಊಟ ಮಾಡಿ ಹೋಗು. ಬಸ್ಸು ಐತಿ.”

ಪಕ್ಕೀರಪ್ಪ ಊಟ ಮಾಡಿ ಹೋದ. ಕೆಟ್ಟವನೇನಲ್ಲ, ಆಮೇಲೆ ಹುಬ್ಬಳ್ಳಿಗೆ ಜೋಳದ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಬಂದವನೂ ಅವನೇ.

ಮೂರು ಔಷಧದ ಚಿಕಿತ್ಸೆಯ ಬಗ್ಗೆ ನಾನು ಹೆಚ್ಚು ಬರೆಯಲಾರೆ, ಅದನ್ನು ನೋಡಿದವರಿಗೆ ಮಾತ್ರ ಗೊತ್ತು. ಗಾಳೆಮ್ಮನ ಮೊಣಕಾಲು ಮುಟ್ಟುವ ಕೂದಲು ಹಿಡಿಹಿಡಿಯಾಗಿ ಉದುರಿತು. ಕುಡಿದ ನೀರೂ ಹೊರಬರುತ್ತಿತ್ತು. ಊರಿಗೆ ಬಂದಾಗ ಮುದಕಮ್ಮ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕೆಮ್ಮುವವರು, ಮೂಗು ಸೋರುವವರು ಬಾಗಿಲಲ್ಲಿ ಕಂಡರೆ ಬಾಯಿಗೆ ಬಂದಂತೆ ಬೈದು ಅಟ್ಟುತ್ತಿದ್ದಳು. ವಾರಕ್ಕೊಮ್ಮೆ ಬಾಟಲಿ ನನ್ನ ಮೇಜಿಗೆ ಬರುತ್ತಿತ್ತು.

ಈಗ ಒಂದು ಹನಿ ಸಾಲದು ಎಂದು ಡಾಕ್ಟರ್‌ಬಾಯಿ ಹೇಳಿದ್ದರು. ರೋಗ ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಎಷ್ಟಿದೆ ಎಂಬುದೂ ಬೇಕಿತ್ತು. ಅದಕ್ಕೆ ಮೂತ್ರಕ್ಕೆ ಹತ್ತು ಪಾಲು, ಐವತ್ತು ಪಾಲು, ನೂರು ಪಾಲು, ಐದುನೂರು ಪಾಲು ಉಪ್ಪುನೀರು ಬೆರೆಸಿ ಒಂದೊಂದನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಎಷ್ಟು ನೀರು ಬೆರೆಸಿದ ಮೇಲೂ ಹನಿ ನುಣ್ಣಗೆ ಉಳಿಯುತ್ತದೋ ರೋಗ ಅಷ್ಟು ದೊಡ್ಡದು. ನಾನು ನೀರು ಬೆರೆಸುವುದನ್ನು ಮುದಕಮ್ಮ ಕಣ್ಣು ಮಿಟುಕಿಸದೆ ನೋಡಿದಳು.

“ಇದನ್ನ ನಾ ಮಾಡಿದ್ರ ಹೋಟೆಲಿನಾಂವ ಮೋಸ ಅಂತಾನ. ನೀವು ಮಾಡಿದ್ರ ಪರೀಕ್ಷೆ” ಎಂದಳು.

ಅಷ್ಟು ಕಷ್ಟದಲ್ಲೂ ನಾವಿಬ್ಬರೂ ನಕ್ಕೆವು. ಆದರೆ ಬಿಲ್ಲೆಯ ಮೇಲಿನ ಹನಿಗಳು ನಗುವಂತಿರಲಿಲ್ಲ. ಮೊದಲ ವಾರ ಐದುನೂರು ಪಾಲು ನೀರಿನ ಹನಿಯೂ ನುಣ್ಣಗೇ ಇತ್ತು. ಎರಡನೆಯ ಸುತ್ತು ಔಷಧವಾದ ಮೇಲೆ ಆ ಕೊನೆಯ ಹನಿ ಒಡೆಯಿತು. ನಂತರ ನೂರರದು. ಆಮೇಲೆ ಐವತ್ತರದು. ನಾನು ಏನೇನೋ ರೋಗ ನೋಡಿದವನು, ಆದರೂ ಆ ವಾರಗಳಲ್ಲಿ ನನ್ನ ಮೇಜಿನ ಮುಂದೆ ಕೂರುವಾಗ ಮೈ ಜುಮ್ಮೆನ್ನುತ್ತಿತ್ತು. ಕಣ್ಣಿಗೆ ಕಾಣದ ಒಂದು ಯುದ್ಧ ಸಿದ್ದಾಪುರದ ಒಬ್ಬ ಹೆಣ್ಣುಮಗಳ ಮೈಯೊಳಗೆ ನಡೆದಿದೆ; ವೈರಿ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿರುವುದು ಗಂಗಾವತಿಯ ಹೋಟೆಲಿನ ಮಹಡಿಯ ಮೇಲೆ ನನ್ನ ಕಣ್ಣಿಗೆ ಕಾಣುತ್ತಿದೆ. ಇದನ್ನು ಕಂಡುಹಿಡಿದವರು ಯಾವ ದೇಶದವರೋ, ಅವರ ಪಾದಕ್ಕೆ ನನ್ನ ಹಣೆ ಎಂದುಕೊಳ್ಳುತ್ತಿದ್ದೆ.

ಹತ್ತರ ಹನಿಗೆ ಬಂದಾಗ ಎಲ್ಲವೂ ನಿಂತುಬಿಟ್ಟಿತು. ಒಂದು ವಾರ ನುಣ್ಣಗೆ, ಇನ್ನೊಂದು ವಾರವೂ ನುಣ್ಣಗೆ. ರೋಗ ಈ ಮೂರನ್ನೂ ಕಲಿತುಬಿಟ್ಟಿತೇ ಎಂದು ಅದೇ ಹನಿಯನ್ನು ಎರಡೆರಡು ಸಲ ತೂಗಿ ನೋಡಿದೆ. ಹುಬ್ಬಳ್ಳಿಯಲ್ಲಿ ಮುಂದಿನ ಸುತ್ತಿಗೆ ಸೂಜಿ ಚುಚ್ಚುವ ಮೊದಲು ಗಾಳೆಮ್ಮ ಕೈ ಹಿಂದೆಳೆದುಕೊಂಡಳಂತೆ. ಅಲ್ಲಿ ನಡೆದದ್ದನ್ನು ಮುದಕಮ್ಮನೇ ನನಗೆ ಹೇಳಿದಳು.

“ಅತ್ತಿ, ಸಾಕು. ಮನಿಗೆ ಹೋಗೂಣು. ಅಲ್ಲೇ ಸಾಯ್ತೀನಿ” ಎಂದಳಂತೆ ಗಾಳೆಮ್ಮ.

ಸಮಾಧಾನ ಹೇಳುವುದು ಮುದಕಮ್ಮನಿಗೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಜಗಳ. ಮಂಚದ ಪಕ್ಕ ಎದ್ದು ನಿಂತು ಶುರುಮಾಡಿದಳಂತೆ: “ಸಾಯ್ತಿ ಹೌದಲ್ಲ, ಸಾಯಿ. ನೀ ಬಂದ ವರ್ಷ ಹಿಂಡಿ ಸರಿಯಾಗಿ ನೆನಸದ ನನ್ನ ದೊಡ್ಡ ಎಮ್ಮಿ ಹೊಟ್ಟಿ ಕೆಡಿಸಿದಿ. ಸೆಗಣಿ ಕುಳ್ಳು ಬಡದ್ರ ಮಳ್ಯಾಗ ಬಡೀತಿದ್ದಿ. ನಿಮ್ಮವ್ವ ನಿನಗ ಏನ್ ಕಲಿಸ್ಯಾಳ?”

ಗಾಳೆಮ್ಮ ಮೊಣಕೈಯೂರಿ ಎದ್ದು, “ನಮ್ಮವ್ವನ ಸುದ್ದಿಗೆ ಬರಬ್ಯಾಡ್ರಿ! ಆ ಎಮ್ಮಿಗೆ ಹಸಿ ಸೊಪ್ಪು ಹಾಕಿದಾಕಿ ನೀವ!” ಎಂದು ತಿರುಗಿ ಬಿದ್ದಳು. ಒಬ್ಬರಿಗೊಬ್ಬರು ಬಾಯಿ ಮಾಡಿದ್ದಕ್ಕೆ ವಾರ್ಡಿನ ಹೆಂಗಸರೆಲ್ಲ ಎದ್ದು ಕೂತರು. ನರ್ಸ್ ಓಡಿಬಂದು ಇಬ್ಬರಿಗೂ ಗದರಿದಳು. ಜಗಳದ ನಡುವೆ ಗಾಳೆಮ್ಮ ಕೈ ಚಾಚಿ ಸೂಜಿ ಹಾಕಿಸಿಕೊಂಡದ್ದು ಅವಳಿಗೇ ಗೊತ್ತಾಗಲಿಲ್ಲವಂತೆ.

“ನನ್ನ ಮ್ಯಾಲ ಬಾಯಿ ಮಾಡೋವಷ್ಟು ಜೀವ ಐತಿ ಅಂದಮ್ಯಾಲ ಸಾಯಂಗಿಲ್ಲ ಅಂತ ಆಗಲೇ ಗೊತ್ತಾತ್ರಿ ನನಗ” ಎಂದಳು ಮುದಕಮ್ಮ. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಸುತ್ತಿನ ನಂತರ ಹತ್ತರ ಹನಿ ಒಡೆಯಿತು. ಕೆಲವು ವಾರಗಳ ಮೇಲೆ, ನೀರು ಬೆರೆಸದ ಹನಿಯೂ ಒಡೆಯಿತು. ನನ್ನ ಬಿಲ್ಲೆಗೆ ಕಾಣದಷ್ಟು ಸಣ್ಣದನ್ನೂ ಹುಡುಕುವ ಪರೀಕ್ಷೆಗೆ ರಕ್ತವನ್ನು ಮುಂಬೈಗೆ ಕಳಿಸಿದರು. ಅಲ್ಲಿಂದಲೂ ಇಲ್ಲ ಎಂದೇ ಬಂತು. ಅದಾದ ಮೇಲೂ ಡಾಕ್ಟರ್‌ಬಾಯಿ ಬಿಡದೆ ಇನ್ನೂ ಕೆಲವು ಸುತ್ತು ಕೊಟ್ಟರು, ಉಳಿದುಕೊಂಡಿರಬಹುದಾದ ನಾಲ್ಕು ಗಟ್ಟಿ ಜೀವಕ್ಕೂ ಅವಕಾಶ ಇರಬಾರದೆಂದು. ಮೂರು ಔಷಧವನ್ನೂ ರೋಗ ಕಲಿಯಲಿಲ್ಲ. ಕಲಿಯಲು ಪುರಸೊತ್ತೇ ಸಿಗಲಿಲ್ಲ. ಗಾಳೆಮ್ಮನ ತಲೆಯ ಮೇಲೆ ಹೊಸ ಕೂದಲು ಬಂತು, ಈ ಸಲ ಗುಂಗುರಾಗಿ.

ಎರಡು ವರ್ಷವಾದರೂ ಬಸುರಿಯಾಗಬಾರದು ಎಂದು ಡಾಕ್ಟರ್‌ಬಾಯಿ ಹೇಳಿದ್ದರು. ಅದೂ ಕಳೆಯಿತು. ಮನೆಯಲ್ಲಿ ಮತ್ತೆ ಎಮ್ಮೆಗಳಾದವು, ಮತ್ತೆ ಜಗಳ ಕಾಲುವೆಯ ದಂಡೆಗೆ ಕೇಳಿಸತೊಡಗಿತು. 1984ರಲ್ಲಿ ಒಂದು ಬೆಳಿಗ್ಗೆ ಮುದಕಮ್ಮ ಸೆರಗಿನಲ್ಲಿ ಬಾಟಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದಳು. ಗಾಳೆಮ್ಮ ಮುಟ್ಟಾಗಿರಲಿಲ್ಲ.

ಬಿಲ್ಲೆ ತೂಗಿದೆ. ಹನಿ ನುಣ್ಣಗೇ ಉಳಿಯಿತು.

ಬೇರೆ ಯಾವ ಮನೆಯಲ್ಲಾದರೂ ಇದು ಸಕ್ಕರೆ ಹಂಚುವ ಸುದ್ದಿ. ಮುದಕಮ್ಮ ಗೋಡೆ ಹಿಡಿದು ನೆಲಕ್ಕೆ ಕೂತಳು. ಕೂಸೋ ರೋಗವೋ? ಎರಡಕ್ಕೂ ಹನಿ ಒಂದೇ ಉತ್ತರ ಕೊಡುತ್ತದೆ. ಅಷ್ಟು ಬೇಗ ಬೇರೆ ಯಾವುದರಿಂದಲೂ ಖಚಿತ ಹೇಳಲಾಗುವುದಿಲ್ಲ ಎಂದು ಹುಬ್ಬಳ್ಳಿಯಲ್ಲಿ ಡಾಕ್ಟರ್‌ಬಾಯಿಯೂ ಹೇಳಿದರು. ಕೂಸಿರಬಹುದು ಎಂಬ ಕಾರಣಕ್ಕೆ ಎಕ್ಸ್‌ರೇ ತೆಗೆಯುವಂತಿರಲಿಲ್ಲ. ಕಾಯಬಹುದು, ರೋಗವಾಗಿದ್ದರೆ ಕಾದಷ್ಟೂ ಅದು ಬೆಳೆಯುತ್ತದೆ. ಈಗಲೇ ತೆಗೆಸಬಹುದು, ಕೂಸಾಗಿದ್ದರೆ ಹೋಗುತ್ತದೆ. ಏನು ಮಾಡೋಣ ಎಂದು ಕೇಳಿದರು.

“ತೆಗೀರಿ” ಎಂದಳು ಮುದಕಮ್ಮ. ಒಂದು ಕ್ಷಣವೂ ಯೋಚಿಸಲಿಲ್ಲ. “ಮಮ್ಮಗ ಬ್ಯಾಡ ನನಗ. ಸೊಸಿ ಸಾಕು.”

ಬಾಲಪ್ಪ ತಲೆ ತಗ್ಗಿಸಿ ನಿಂತಿದ್ದ. ಗಾಳೆಮ್ಮ ಅತ್ತೆಯ ಕಡೆ ತಿರುಗಿ ನೋಡಿದಳು. ಏಳು ವರ್ಷದ ಸಂಸಾರದಲ್ಲಿ ಅತ್ತೆಯ ಬಾಯಿಂದ ಅವಳು ಕೇಳಿದ ಮೊದಲ ಒಳ್ಳೆಯ ಮಾತು ಅದೇ ಇರಬೇಕು. ಆದರೂ ಒಪ್ಪಲಿಲ್ಲ.

“ಹೊಟ್ಟಿ ನಂದೈತ್ರಿ ಅತ್ತಿ. ನಾ ಕಾಯ್ತೀನಿ” ಎಂದಳು.

ಹಿಂದಿರುಗುವಾಗ ಗದಗದಿಂದ ಕೊಪ್ಪಳದವರೆಗೆ ರೈಲಿನಲ್ಲಿ ಇಬ್ಬರೂ ಜಗಳಾಡಿದರಂತೆ. ಗೆದ್ದವಳು ಗಾಳೆಮ್ಮ.

ಡಾಕ್ಟರ್‌ಬಾಯಿ ನನಗೆ ಕೆಲಸ ಹಚ್ಚಿದ್ದರು. ಮತ್ತೆ ನೀರು ಬೆರೆಸಿ ಹನಿಗಳ ಸಾಲು ನೋಡಬೇಕು. ಕೂಸಿನ ಮಾಸಾಗಿದ್ದರೆ ಮೂರನೆಯ ತಿಂಗಳಿನವರೆಗೆ ಏರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ರೋಗವಾಗಿದ್ದರೆ ಔಷಧವಿಲ್ಲದೆ ಇಳಿಯುವ ಮಾತೇ ಇಲ್ಲ, ಏರುತ್ತಲೇ ಹೋಗುತ್ತದೆ. ಏರಿಕೆ ಮಿತಿ ಮೀರಿತು ಎನಿಸಿದರೆ ಕೂಡಲೇ ಹುಬ್ಬಳ್ಳಿಗೆ ಕರೆತರಬೇಕು. ಹತ್ತರ ಹನಿ ನುಣ್ಣಗಾಯಿತು. ಐವತ್ತರದೂ ನುಣ್ಣಗಾಯಿತು. ನಾನು ಮನೆಯಲ್ಲಿ ಊಟ ಬಿಟ್ಟೆ. ಮುದಕಮ್ಮ ಬರುತ್ತಿದ್ದಳು, ನೋಡುತ್ತಿದ್ದಳು, ಕ್ಯಾನು ಎತ್ತಿಕೊಂಡು ಇಳಿಯುತ್ತಿದ್ದಳು. ನೂರರ ಹನಿ ಒಂದು ವಾರ ಒಡೆಯಲೋ ಬೇಡವೋ ಎಂಬಂತೆ ನಿಂತಿತು. ಅದೂ ನುಣ್ಣಗಾದರೆ ಕಳಿಸಿಬಿಡುವುದು ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ.

ಮುಂದಿನ ವಾರ ನೂರರ ಹನಿ ಚೆನ್ನಾಗಿ ಒಡೆಯಿತು. ಅದರ ಮುಂದಿನ ವಾರ ಐವತ್ತರದೂ ಒಡೆಯಿತು. ಒಂದು ಸೂಜಿ ಇಲ್ಲ, ಒಂದು ಗುಳಿಗೆ ಇಲ್ಲ. ತಾನಾಗಿಯೇ ಇಳಿಯುತ್ತಿತ್ತು. ನೀರು ಬೆರೆಸದ ಹನಿ ಮಾತ್ರ ಕೆನೆಯಂತೆ ನುಣ್ಣಗೇ ಇತ್ತು. ಒಂದೇ ಬಿಲ್ಲೆಯ ಮೇಲೆ ಒಡೆಯದ ಹಾಲು, ಪಕ್ಕದಲ್ಲೇ ಒಡೆದ ಹಾಲು.

“ಇದರಾಗ ಯಾವುದನ್ನ ನಂಬ್ಲಿ ಯಂಕೋಬಪ್ಪಾ?” ಎಂದಳು ಮುದಕಮ್ಮ.

“ಎರಡನ್ನೂ ನಂಬವ್ವಾ” ಎಂದೆ.

ಅವಳು ನಂಬಲಿಲ್ಲ. ಮೋಸ ಹೋದವಳು ಅವಳು, ಹೇಗೆ ನಂಬಿಯಾಳು? ಐದನೆಯ ತಿಂಗಳು ತುಂಬಿದ ಮೇಲೆ ಹುಬ್ಬಳ್ಳಿಗೆ ಹೋದರು. ಡಾಕ್ಟರ್‌ಬಾಯಿ ಗಾಳೆಮ್ಮನ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಕಿವಿಗೊಟ್ಟರು. ಆಮೇಲೆ ಮುದಕಮ್ಮನ ತಲೆ ಬಗ್ಗಿಸಿ ಅವಳ ಕಿವಿಯನ್ನೇ ಕೊಳವೆಗೆ ಹಚ್ಚಿದರಂತೆ.

ಮರುದಿನ ಅವಳು ಹೋಟೆಲಿಗೆ ಹಾಲು ಕೊಡದೆ ನೇರವಾಗಿ ನನ್ನ ಕೋಣೆಗೆ ಬಂದಳು. ಕ್ಯಾನನ್ನು ಮೇಜಿನ ಮೇಲಿಟ್ಟು, ಅದರ ಮುಚ್ಚಳದ ಮೇಲೆ ಎರಡು ಬೆರಳಿನಿಂದ ಬಡಿಯತೊಡಗಿದಳು. ಟಕಟಕ ಟಕಟಕ, ಉಸಿರು ಬಿಡದ ವೇಗ.

“ಹಿಂಗ ಬಡೀತೈತ್ರಿ” ಎಂದಳು.

“ಅಷ್ಟು ಜೋರು ಇರಂಗಿಲ್ಲವ್ವಾ” ಎಂದೆ ನಾನು. ಕೂಸಿನ ಎದೆಬಡಿತ ನೋಡುವುದು ನನ್ನ ಕೆಲಸವಲ್ಲ, ನನಗೇನು ಗೊತ್ತು?

“ಐತ್ರಿ. ನಾ ನನ್ನ ಕಿವೀಲೆ ಕೇಳೀನಿ. ಹಿಂಗ ಐತಿ.”

ಕೆಳಗಿನಿಂದ ಹೋಟೆಲಿನವನು ಹಾಲಿಗಾಗಿ ಕೂಗುತ್ತಲೇ ಇದ್ದ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.